ಒಂದೇ ಊಟದ ಇಪ್ಪತ್ತಮೂರು ಸ್ಲೈಡುಗಳು

"ನಿನ್ನನ್ನೂ ಒಳಗೆ ಹಾಕಬೇಕಾಗುತ್ತಲ್ಲೋ ತಾಲಾಯ್," ಎಂದಳು ಸಾಲ್ಕಿನಾಯ್, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

ಕೋಕ್-ಬೆಲ್ ಪಟ್ಟಣದ ಪೊಲೀಸ್ ತನಿಖಾಧಿಕಾರಿ ತಾಲಾಯ್ ಆರಡಿ ಎತ್ತರದ ಆಳು. ಕಿಟಕಿಯ ಬಳಿ ನಿಂತು ಕರಗುತ್ತಿದ್ದ ಹಿಮದ ಕೆಸರನ್ನು ಬೂಟಿನಿಂದ ಕೆರೆದುಕೊಳ್ಳುತ್ತಿದ್ದವನು ತಟ್ಟನೆ ತಿರುಗಿದ.

"ನನ್ನನ್ನಾ? ಯಾಕಕ್ಕಾ?"

"ಅಡುಗೆಯ ಬಾಟ್ಮಾಳ ಹೊಟ್ಟೇಲಿ ಸಿಕ್ಕ ಪ್ರಾಣಿ ನಿನ್ನ ಹೊಟ್ಟೇಲೂ ಇದೆ. ಅದೂ ಸಂಸಾರ ಸಮೇತ. ಬಾ, ನೀನೇ ನೋಡು."

ತಾಲಾಯ್ ಬಗ್ಗಿ ಒಂದು ಕಣ್ಣು ಮುಚ್ಚಿದ. ಅಯೋಡಿನ್ನಿನ ಹಳದಿ ಬೆಳಕಿನಲ್ಲಿ ಸಣ್ಣ ಸಣ್ಣ ಉಂಗುರಗಳು. ನಡುವೆ ಖಾಲಿ, ಅಂಚಿಗೆ ಅಂಟಿಕೊಂಡ ನಾಲ್ಕೈದು ಚುಕ್ಕೆ.

"ಇಷ್ಟೇನಾ? ಇದಕ್ಕಾ ಇಡೀ ಊರು ಗಡಗಡ ನಡುಗ್ತಿರೋದು?"

"ಇಷ್ಟೇ."

"ನನಗೇನೂ ಆಗಿಲ್ವಲ್ಲಾ! ನಿನ್ನೆ ಅತ್ತೆ ಮನೇಲಿ ಮೂರು ಬಟ್ಟಲು ಮಾಂಸದ ಬೆಶ್‌ಬರ್ಮಾಕ್ ಹೊಡೆದು ಎದ್ದಿದ್ದೀನಿ."

"ಅದನ್ನೇ ನ್ಯಾಯಾಧೀಶರ ಮುಂದೆ ಹೇಳು. ಅಷ್ಟು ಸಾಕು ನನಗೆ."

ಹೊಲಿಗೆ ಶಾಲೆಯ ಹಾಸ್ಟೆಲಿನಲ್ಲಿ ಇಪ್ಪತ್ತಮೂರು ಹುಡುಗಿಯರು ಒಟ್ಟಿಗೇ ಹಾಸಿಗೆ ಹಿಡಿದು, ಅವರಲ್ಲಿ ಹದಿನೆಂಟು ವರ್ಷದ ಕಲಿಪಾ ಸತ್ತು, ಅಡುಗೆಯವಳ ಹೊಟ್ಟೆಯ ಪರೋಪಜೀವಿಯೇ ಇದಕ್ಕೆಲ್ಲ ಕಾರಣ ಎಂಬ ವರದಿಯ ಮೇಲೆ ಬಾಟ್ಮಾಳನ್ನು ಠಾಣೆಗೆ ತಂದು ಕೂರಿಸಿ ಅಂದಿಗೆ ಒಂಬತ್ತು ದಿನ.

ಆ ಪರೋಪಜೀವಿಯ ಹೆಸರು ಬ್ಲಾಸ್ಟೊಸಿಸ್ಟಿಸ್. ಸಾಲ್ಕಿನಾಯ್ ರಾಜಧಾನಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅದರ ಜೊತೆಗೇ ಕಳೆದವಳು. ನಿವೃತ್ತಿಯಾಗಿ ಹುಟ್ಟೂರಿಗೆ ಬಂದ ಮೇಲೆ ಸೂಕ್ಷ್ಮದರ್ಶಕವನ್ನು ಮುಟ್ಟುವುದಿಲ್ಲ, ಟೊಮೆಟೊ ಬೆಳೆಯುತ್ತೇನೆ ಎಂದುಕೊಂಡಿದ್ದಳು. ಪಕ್ಕದ ಮನೆಯಲ್ಲಿ ಬೆಳೆದ ತಾಲಾಯ್ ಆ ವರದಿಯನ್ನು ತಂದು ಓದಿಸಿದ ದಿನ ಅವಳ ಟೊಮೆಟೊ ಸಸಿಗಳು ಕಿಟಕಿಯಲ್ಲೇ ಉಳಿದವು. ಪಶುವೈದ್ಯರ ಕಚೇರಿಯ ಹಿಂದಿನ ಕೋಣೆ, ಅವರದೇ ಹಳೆಯ ಸೂಕ್ಷ್ಮದರ್ಶಕ, ಇಷ್ಟನ್ನು ಕೇಳಿ ಪಡೆದುಕೊಂಡು ಕೂತಿದ್ದಳು.

ಅವಳು ಮಾಡಿದ ಕೆಲಸ ಸರಳವಾಗಿತ್ತು, ಮುಜುಗರದ್ದೂ ಆಗಿತ್ತು. ಊರಿನ ಗಟ್ಟಿಮುಟ್ಟಾದ ನಲವತ್ತು ಜನರಿಗೆ ಮುಚ್ಚಳದ ಡಬ್ಬಿ ಕೊಟ್ಟು, ಮಾರನೆಯ ಬೆಳಿಗ್ಗೆ ತುಂಬಿಸಿ ತನ್ನಿ ಎಂದಿದ್ದಳು. ಬಜಾರಿನಲ್ಲಿ ರೊಟ್ಟಿ ಮಾರುವವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಪೋಸ್ಟ್‌ಮಾಸ್ಟರ್ ಮೂರು ದಿನ ತಲೆತಪ್ಪಿಸಿಕೊಂಡು ತಿರುಗಿದ. ಆದರೂ ನಲವತ್ತು ಡಬ್ಬಿಗಳು ಬಂದವು. ನಲವತ್ತನೆಯದು ತಾಲಾಯನದು.

"ನಲವತ್ತರಲ್ಲಿ ಹದಿನಾರು ಜನಕ್ಕೆ ಇದೆ," ಎಂದು ಸಾಲ್ಕಿನಾಯ್ ಪೆನ್ನು ಕೆಳಗಿಟ್ಟಳು. "ಒಬ್ಬರಿಗೂ ಹೊಟ್ಟೆನೋವಿಲ್ಲ. ಈಗ ಹೇಳು, ಮಲಗಿದ ಇಪ್ಪತ್ತಮೂರು ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇದ್ದಿರಬೇಕು?"

ತಾಲಾಯ್ ಬೆರಳು ಮಡಿಸಿ ಮಡಿಸಿ ನೋಡಿದ. "ಇದೇ ಲೆಕ್ಕ ಅಂದ್ರೆ... ಒಂಬತ್ತು?"

"ವರದಿಯಲ್ಲಿ?"

"ಇಪ್ಪತ್ತಮೂರಕ್ಕೆ ಇಪ್ಪತ್ತಮೂರು."

"ಅಂದ್ರೆ ಎರಡೇ ದಾರಿ. ಒಂದೋ ಇದೇ ಕೊಂದಿದೆ. ಇಲ್ಲಾ, ಯಾರೋ ಹಾಗಂತ ಬರೆದಿದ್ದಾರೆ. ಕೋಟು ಹಾಕ್ಕೋ."

* * *

ಜಿಲ್ಲಾ ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಮೆಲಿಸ್ ಒಂದು ಕಾಲದಲ್ಲಿ ಸಾಲ್ಕಿನಾಯಳ ವಿದ್ಯಾರ್ಥಿ. ಈಗ ನಲವತ್ತನಾಲ್ಕು ದಾಟಿದ್ದ, ಕಿವಿಯ ಪಕ್ಕದಲ್ಲಿ ನರೆ ಇಣುಕಿತ್ತು. ಆದರೂ ಗುರು ಬಾಗಿಲಲ್ಲಿ ಕಾಣಿಸಿಕೊಂಡಾಗ ಕುರ್ಚಿಯಿಂದ ಎದ್ದ ರೀತಿಯಲ್ಲಿ ಹಳೆಯ ಹುಡುಗನೇ ಇದ್ದ.

"ಬನ್ನಿ ಸಾಲ್ಕಿನಾಯ್ ಬೆಕ್ತುರೊವ್ನಾ. ಚಹಾ ಹೇಳ್ತೀನಿ."

"ಚಹಾ ಆಮೇಲೆ. ಸ್ಲೈಡು ತೋರಿಸು."

"ಯಾವುದು?"

"ಇಪ್ಪತ್ತಮೂರೂ."

ಅವನು ಬೆವರುತ್ತಾನೆ, ಎಸೆದುಬಿಟ್ಟೆ ಎನ್ನುತ್ತಾನೆ, ಬೀಗದ ಕೈ ಕಳೆದಿದೆ ಎನ್ನುತ್ತಾನೆ ಎಂದು ತಾಲಾಯ್ ಕಾದ. ಹಾಗೇನೂ ಆಗಲಿಲ್ಲ. ಮೆಲಿಸ್ ಬೀರು ತೆರೆದು ಮರದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಒಳಗೆ ಬಣ್ಣ ಹಾಕಿ ಕಾಯಂ ಮಾಡಿದ ಸ್ಲೈಡುಗಳು, ಒಂದೊಂದರ ಮೇಲೂ ಒಬ್ಬೊಬ್ಬ ಹುಡುಗಿಯ ಹೆಸರು, ಅಂದವಾದ ಅಕ್ಷರದಲ್ಲಿ.

"ಎಷ್ಟು ಹೊತ್ತು ಬೇಕಾದ್ರೂ ನೋಡಿ. ಈ ಸಲ ನೀವು ಸೋಲ್ತೀರಿ, ಬೇಜಾರು ಮಾಡ್ಕೋಬೇಡಿ."

"ಸೋತ್ರೆ ಸೋತೆ. ನನಗೇನು, ಪಿಂಚಣಿ ನಿಲ್ಲುತ್ತಾ?"

ಅವಳು ಕನ್ನಡಕವನ್ನು ಹಣೆಗೇರಿಸಿ ಕೂತಳು. ಮೊದಲನೆಯ ಸ್ಲೈಡು. ಉಂಗುರಗಳಿದ್ದವು. ಎರಡನೆಯದು. ಇದ್ದವು. ಮೂರು, ನಾಲ್ಕು, ಐದು. ಎಲ್ಲದರಲ್ಲೂ ಧಾರಾಳವಾಗಿ, ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ.

ಆರನೆಯ ಸ್ಲೈಡಿಗೆ ಬಂದಾಗ ಅವಳ ಕೈ ನಿಂತಿತು. ಒಂದನೆಯದನ್ನು ಮತ್ತೆ ತೆಗೆದಳು. ಮತ್ತೆ ಆರನೆಯದು. ಆಮೇಲೆ ಮೂರನೆಯದು.

ಉಂಗುರಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆಯದೇ ವಸ್ತು ಬಿದ್ದಿತ್ತು. ಗಾಢ ಕಂದು, ದಪ್ಪ ಸಿಪ್ಪೆ, ಒಂದು ತುದಿಯಲ್ಲಿ ಪುಟ್ಟ ಮುಚ್ಚಳ. ಅವಳು ಏಳನೆಯದನ್ನು ಇಟ್ಟಳು. ಅಲ್ಲೂ ಇತ್ತು. ಎಂಟು, ಒಂಬತ್ತು, ಹತ್ತು.

ತಾಲಾಯನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾದದ್ದನ್ನು ನೋಡಿ ಅವನ ಎದೆ ಹಗುರವಾಯಿತು. ಅಕ್ಕನಿಗೆ ಏನೋ ಸಿಕ್ಕಿದೆ.

ಒಂದೂವರೆ ಗಂಟೆಯ ನಂತರ ಇಪ್ಪತ್ತಮೂರನೆಯದನ್ನು ಪೆಟ್ಟಿಗೆಗೆ ಹಾಕಿ ಸಾಲ್ಕಿನಾಯ್ ಕತ್ತು ಒತ್ತಿಕೊಂಡಳು.

"ಮೆಲಿಸ್, ಎಲ್ಲದರಲ್ಲೂ ಇದೆಯಪ್ಪ. ನೀನು ಬರೆದದ್ದು ನಿಜ."

"ಹೇಳಿದ್ನಲ್ಲಾ."

"ಈಗ ಚಹಾ ತರಿಸು. ತಾಲಾಯ್, ಹನ್ನೊಂದನೇ ಹುಡುಗಿ ಐಝಾದಾ ಅಂತ ಬರೆದಿದೆ. ನೀನು ಹೇಳಿಕೆ ತಗೊಂಡೆಯಲ್ಲ, ಅವಳು ಹಾಸ್ಟೆಲಲ್ಲಿ ಏನು ತಿಂತಾಳಂತೆ?"

"ಐಝಾದಾನಾ? ಆಲೂಗಡ್ಡೆ, ಕೋಸು, ರೊಟ್ಟಿ. ಮಾಂಸದ ವಾಸನೆ ಬಂದ್ರೆ ತಟ್ಟೆ ಬಿಟ್ಟು ಏಳ್ತಾಳಂತೆ. ಜೊತೆಯವರು ಮೇಕೆ, ಮೇಕೆ ಅಂತ ಕಾಡಿಸ್ತಾರೆ."

"ಮಾಂಸ ಮುಟ್ಟೋದೇ ಇಲ್ವಾ?"

"ಹುಟ್ಟಿದಾಗಿಂದ ಇಲ್ವಂತೆ."

ಸಾಲ್ಕಿನಾಯ್ ಹನ್ನೊಂದನೆಯ ಸ್ಲೈಡನ್ನು ಬೆರಳ ತುದಿಯಲ್ಲಿ ಹಿಡಿದು ಮೆಲಿಸನ ಕಡೆ ಚಾಚಿದಳು.

"ಹಾಗಿದ್ರೆ ಈ ಮೇಕೆ ಕುರಿಯ ಲಿವರ್ ಯಾವಾಗ ತಿಂತು, ಮೆಲಿಸ್?"

ಮೆಲಿಸ್ ಸ್ಲೈಡನ್ನು ಮುಟ್ಟಲಿಲ್ಲ.

"ಏನಕ್ಕಾ ಅದು?" ಎಂದ ತಾಲಾಯ್.

"ಕುರಿಯ ಪಿತ್ತನಾಳದಲ್ಲಿ ಒಂದು ಚಪ್ಪಟೆ ಹುಳು ಇರುತ್ತೆ. ಅದರ ಮೊಟ್ಟೆ ಇದು. ಅಂಥ ಕುರಿಯ ಲಿವರ್ ಬೇಯಿಸಿ ತಿಂದ್ರೆ ಮೊಟ್ಟೆ ಹೊಟ್ಟೆಗೆ ಹೋಗುತ್ತೆ, ಏನೂ ಮಾಡಲ್ಲ. ಟಿಕೆಟ್ ತಗೊಂಡು ಹತ್ತಿದ ಪ್ರಯಾಣಿಕನ ಹಾಗೆ ಒಂದೆರಡು ದಿನಕ್ಕೆ ಕೊನೇ ಸ್ಟಾಪಲ್ಲಿ ಇಳಿದು ಹೋಗುತ್ತೆ. ಹಾಸ್ಟೆಲಲ್ಲಿ ಲಿವರ್ ಮಾಡಿದ್ರಾ?"

"ಇಲ್ಲ. ವಾರಕ್ಕೆರಡು ಸಲ ದನದ ಮಾಂಸ. ದಿನಸಿ ಚೀಟಿ ಎಲ್ಲಾ ನೋಡಿದ್ದೀನಿ."

"ಆದ್ರೂ ಇಪ್ಪತ್ತಮೂರರಲ್ಲೂ ಅದೇ ಮೊಟ್ಟೆ. ಹತ್ತಿರ ಹತ್ತಿರ ಅಷ್ಟೇ ಸಂಖ್ಯೆ. ಅದೇ ಸಬ್ಬಸಿಗೆ ಸೊಪ್ಪಿನ ನಾರು. ಇಪ್ಪತ್ತಮೂರು ಜನ ಕೂತು ಒಂದೇ ತಟ್ಟೇಲಿ ತಿಂದ್ರೂ ಹೀಗೆ ಬರಲ್ಲ ತಮ್ಮ. ಇದು ಒಬ್ಬರ ಹೊಟ್ಟೆ. ಒಂದೇ ಡಬ್ಬಿಯಿಂದ ಇಪ್ಪತ್ತಮೂರು ಸ್ಲೈಡು ಮಾಡಿದ್ದಾನೆ ನನ್ನ ಶಿಷ್ಯ."



ಮೆಲಿಸ್ ಕಿಟಕಿಯ ಕಡೆ ತಿರುಗಿದ. ಅವನು ಬಾಯಿ ಬಿಟ್ಟಾಗ ದನಿಯಲ್ಲಿ ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು.

"ನೀವು ನನಗೆ ಕಲಿಸಿದ್ದೇನು? ಇದು ಪಾಪದ ಪ್ರಾಣಿ, ಯಾರಿಗೂ ಏನೂ ಮಾಡಲ್ಲ, ವರದಿಯಲ್ಲಿ ಬರೆಯೋದೂ ದಂಡ. ಅಲ್ವಾ? ನನ್ನ ಹೆಂಡತಿ ಆರು ವರ್ಷ ಹೊಟ್ಟೆ ಹಿಡ್ಕೊಂಡು ಹೊರಳಾಡಿದಳು. ಯಾವ ಡಾಕ್ಟ್ರಿಗೆ ತೋರಿಸಿದ್ರೂ ಏನೂ ಇಲ್ಲ, ಮನಸ್ಸಿನ ಕಾಯಿಲೆ ಅಂದ್ರು. ನಾನು ನೋಡಿದೆ. ಇದೊಂದೇ ಇತ್ತು, ಬೇರೆ ಏನೂ ಇರಲಿಲ್ಲ. ಔಷಧಿ ಕೊಟ್ಟೆ. ಹದಿನೈದು ದಿನಕ್ಕೆ ಎದ್ದು ಕೂತಳು. ನಿಮ್ಮ ನಲವತ್ತು ಡಬ್ಬಿಯಲ್ಲಿ ನನ್ನ ಹೆಂಡತಿ ಎಲ್ಲಿದ್ದಾಳೆ, ಹೇಳಿ?"

ಈ ಮಾತು ಸಾಲ್ಕಿನಾಯಳಿಗೆ ನಾಟಿತು. ತರಗತಿಯಲ್ಲಿ ಹಾಗೆ ಹೇಳಿದ್ದು ನಿಜ, ಅಷ್ಟೇ ಗತ್ತಿನಿಂದ ಹೇಳಿದ್ದೂ ನಿಜ.

"ಇಲ್ಲ," ಎಂದಳು. "ಅವಳು ಅದರಲ್ಲಿಲ್ಲ. ಅವಳಿಗೆ ಇದರಿಂದಲೇ ಆಯ್ತೋ ಇಲ್ವೋ ನನಗೆ ಗೊತ್ತಿಲ್ಲ. ನಿನ್ನ ಔಷಧಿ ಇದನ್ನೊಂದನ್ನೇ ಕೊಲ್ಲಲ್ಲ, ಹೊಟ್ಟೇಲಿರೋ ಇನ್ನೂ ನೂರು ಜಾತೀನೂ ಕೊಲ್ಲುತ್ತೆ. ಈ ಪ್ರಾಣಿಯಲ್ಲೇ ಹತ್ತಾರು ಒಳಜಾತಿ ಇವೆ. ಕೆಲವು ಕೆಲವರಿಗೆ ಕಾಟ ಕೊಡಬಹುದು. ಮೂವತ್ತು ವರ್ಷ ನೋಡಿದ್ದೀನಿ, ಇವತ್ತಿಗೂ ಗೊತ್ತಿಲ್ಲ. ಅವತ್ತು ಗೊತ್ತು ಅಂದಿದ್ದು ನನ್ನ ತಪ್ಪು."

ಮೆಲಿಸ್ ತಿರುಗಿ ನೋಡಿದ. ಈ ಮಾತನ್ನು ಅವನು ನಿರೀಕ್ಷಿಸಿರಲಿಲ್ಲ.

"ಆದ್ರೆ ಗೊತ್ತಿಲ್ಲ ಅನ್ನೋ ಜಾಗದಲ್ಲಿ ನೀನು ಸುಳ್ಳು ತುಂಬಿಸಿದೆ. ಆ ಸುಳ್ಳಿನ ಮೇಲೆ ಒಬ್ಬ ಹೆಂಗಸು ಲಾಕಪ್ಪಿನಲ್ಲಿದ್ದಾಳೆ. ಈಗ ಸರಿಯಾಗಿ ಹೇಳು. ಹುಡುಗಿಯರ ನಿಜವಾದ ಡಬ್ಬಿ ನೋಡಿದೆಯಾ?"

"ನೋಡಿದೆ."

"ಎಷ್ಟು ಜನಕ್ಕಿತ್ತು?"



"ಒಂಬತ್ತು."

ತಾಲಾಯ್ ತೊಡೆ ತಟ್ಟಿಕೊಂಡ. ಸಾಲ್ಕಿನಾಯ್ ಅವನ ಕಡೆ ನೋಡಲೂ ಇಲ್ಲ.

"ಕಲಿಪಾಗೆ?"

"ಇರಲಿಲ್ಲ. ಸತ್ತ ಹುಡುಗಿಗೇ ಇರಲಿಲ್ಲ."

"ಡಬ್ಬಿಗಳು?"

"ತಣ್ಣನೆ ಪೆಟ್ಟಿಗೇಲಿವೆ. ಇಪ್ಪತ್ತಮೂರೂ." ಮೆಲಿಸ್ ಕುರ್ಚಿಯಲ್ಲಿ ಕುಸಿದ. "ಎಸೆಯೋಕೆ ಹೋದೆ. ಕೈ ಬರಲಿಲ್ಲ."

"ಇನ್ನೂ ಸ್ವಲ್ಪ ವಿದ್ಯೆ ಉಳಿದಿದೆ ಬಿಡು ನಿನ್ನಲ್ಲಿ," ಎಂದಳು ಸಾಲ್ಕಿನಾಯ್. ಅದು ಬೈಗುಳವೋ ಸಮಾಧಾನವೋ ಅವಳಿಗೇ ತಿಳಿಯಲಿಲ್ಲ. "ತಾಲಾಯ್, ನಿನ್ನ ಹುಡುಗರನ್ನ ಕರೆಸು. ಡಬ್ಬಿಗಳಿಗೆ ಸೀಲ್ ಹಾಕಿ ಈಗಲೇ ರಾಜಧಾನಿಗೆ ಕಳಿಸು. ಪರೋಪಜೀವಿ ಹುಡುಕೋದು ಬೇಡ. ವಿಷ ಹುಡುಕಲಿ."

ತಾಲಾಯ್ ಫೋನು ಕಿವಿಗಿಟ್ಟುಕೊಂಡೇ ಕೇಳಿದ, "ಅಕ್ಕಾ, ಹಾಗಿದ್ರೆ ಲಿವರ್ ತಿಂದವರು ಯಾರು? ಈ ಕಾಲದಲ್ಲಿ ಊರಲ್ಲಿ ಕುರಿ ಕಡಿಯೋದು ಅಂದ್ರೆ ನಿಶ್ಚಿತಾರ್ಥಕ್ಕೇ. ಬೀಗರ ಬಾಯಿಗೆ ಲಿವರ್ರು, ಬಾಲದ ಕೊಬ್ಬು ಇಡ್ತಾರಲ್ಲ."

"ಆ ವಾರ ಯಾರ ಮನೇಲಿತ್ತು?"

ತಾಲಾಯ್ ಯೋಚಿಸಿದ. ಅವನ ಮುಖದ ನಗು ನಿಧಾನವಾಗಿ ಇಳಿಯಿತು.

"ಬಾಟ್ಮಾ ಮನೇಲಿ. ಮಗಳು ಚಿನಾರಾಗೆ ಬೀಗರು ಬಂದು ಓಲೆ ತೊಡಿಸಿ ಹೋದ್ರು. ಹುಡುಗಿಯರು ಮಲಗಿದ್ದು ಬುಧವಾರ. ಓಲೆ ತೊಡಿಸಿದ್ದು ಅದರ ಹಿಂದಿನ ದಿನ."

"ಡಬ್ಬಿ ಬಾಟ್ಮಾದೇ," ಎಂದ ಮೆಲಿಸ್, ತಲೆ ಎತ್ತದೆ. "ಗುರುವಾರ ಅಡುಗೆಮನೆಯವರದೆಲ್ಲ ತರಿಸಿದ್ದೆ. ಅವಳಲ್ಲಿ ಸಿಕ್ಕಿತು. ಬಹಳ ಇತ್ತು. ಅವಳಿಗೆ ನಾನೇ ಹೇಳಿದೆ."

"ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಡಬ್ಬಿಯಿಂದಲೇ ಅವಳಿಗೆ ಹಗ್ಗ ಹೊಸೆದೆಯಾ?" ಸಾಲ್ಕಿನಾಯಳ ದನಿ ಏರಿತು. "ನಾಚಿಕೆ ಆಗಲಿಲ್ವಾ?"

"ಗೊತ್ತಿಲ್ಲದ ಹಾಗೆ ಅಲ್ಲ."

"ಏನು?"

"ಶುಕ್ರವಾರ ಬೆಳಿಗ್ಗೆ ಅವಳೇ ಬಂದಳು. ಇದೇ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು. ಡಾಕ್ಟ್ರೇ, ನನ್ನ ಹೊಟ್ಟೇಲಿರೋ ಪ್ರಾಣಿ ಹುಡುಗಿಯರಲ್ಲೂ ಸಿಕ್ತು ಅಂತ ಬರೀರಿ, ನನ್ನ ಕೈಯಿಂದಲೇ ಹೋಯ್ತು ಅಂತ ಬರೀರಿ ಅಂದಳು. ಈ ಪ್ರಾಣಿ ಕೊಲ್ಲುತ್ತೆ ಅಂತ ತೋರಿಸೋಕೆ ನನಗೆ ಒಂಬತ್ತು ಸಾಲುತ್ತಿರಲಿಲ್ಲ, ಇಪ್ಪತ್ತಮೂರು ಬೇಕಿತ್ತು. ಯಾಕೆ ಅಂತ ನಾನು ಕೇಳಲಿಲ್ಲ ಸಾಲ್ಕಿನಾಯ್ ಬೆಕ್ತುರೊವ್ನಾ. ಕೇಳೋಕೆ ನನಗೆ ಇಷ್ಟವಿರಲಿಲ್ಲ."

* * *

ಠಾಣೆ ತಲುಪುವಾಗ ಮಧ್ಯಾಹ್ನದ ಬಿಸಿಲು ಬೆಟ್ಟದ ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಡಬ್ಬಿಗಳ ಪೆಟ್ಟಿಗೆ ಹೊತ್ತ ಜೀಪು ಆಗಲೇ ರಾಜಧಾನಿಯ ದಾರಿ ಹಿಡಿದಿತ್ತು.

ದಾರಿಯುದ್ದಕ್ಕೂ ಸಾಲ್ಕಿನಾಯ್ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಿದ್ದಳು. ಕೈಯಾರೆ ಊಟ ಹಾಕಿದ ಹುಡುಗಿ ಸತ್ತಳು, ಹೆಂಗಸಿನ ಮನಸ್ಸು ಕೆಟ್ಟಿತು, ತಪ್ಪು ತನ್ನದೇ ಎಂದುಕೊಂಡಳು. ಇಂಥವರನ್ನು ಅವಳು ಎಷ್ಟೋ ಕಂಡಿದ್ದಳು. ನಿನ್ನದೇನೂ ತಪ್ಪಿಲ್ಲ ಎಂದರೆ ಅತ್ತು ಹಗುರಾಗುತ್ತಾರೆ.

ಬಾಟ್ಮಾ ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದಳು. ಐವತ್ತು ದಾಟಿದ, ಅಗಲ ಭುಜದ ಹೆಂಗಸು. ದಿನವೂ ಅರವತ್ತು ಜನರ ಹಿಟ್ಟು ನಾದಿ ಗಟ್ಟಿಯಾದ ಕೈಗಳು ತೊಡೆಯ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು.

"ಹುಡುಗಿಯರು ಊಟ ಮಾಡ್ತಿದ್ದಾರಾ ಅಕ್ಕಾ?" ಅದು ಅವಳ ಮೊದಲ ಮಾತು.

"ಮಾಡ್ತಿದ್ದಾರೆ. ನೀನೂ ಇನ್ನು ಮನೆಗೆ ಹೋಗಿ ಊಟ ಮಾಡು ಬಾಟ್ಮಾ. ಆ ಪರೋಪಜೀವಿ ಯಾರನ್ನೂ ಕೊಂದಿಲ್ಲ. ಕಲಿಪಾಗೆ ಅದು ಇರಲೇ ಇಲ್ಲ. ಮೆಲಿಸ್ ಎಲ್ಲಾ ಒಪ್ಪಿಕೊಂಡಿದ್ದಾನೆ. ನಿನ್ನ ಕೈ ಶುದ್ಧವಾಗಿದೆ."

ಬಾಟ್ಮಾ ಅಳಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು.

"ಹುಡುಗಿಯರ ಡಬ್ಬಿಗಳು?"

"ಸಿಕ್ಕಿವೆ. ರಾಜಧಾನಿಗೆ ಹೊರಟಿವೆ. ವಿಷ ಇದ್ರೆ ಮೂರು ದಿನದಲ್ಲಿ ಗೊತ್ತಾಗುತ್ತೆ."

"ವಾಪಸ್ ಕರೆಸಿ."

"ಏನಂದೆ?"

"ಆ ಜೀಪನ್ನ ವಾಪಸ್ ಕರೆಸಿ ಅಕ್ಕಾ!" ಬಾಟ್ಮಾ ಬೆಂಚಿನಿಂದ ಜಾರಿ ನೆಲಕ್ಕೆ ಬಂದು ಸಾಲ್ಕಿನಾಯಳ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. "ಅಡುಗೆಯವಳ ಕೊಳಕು ಕೈ ಅಂದ್ರೆ ಎರಡು ವರ್ಷವೋ ಮೂರು ವರ್ಷವೋ ಒಳಗಿದ್ದು ಬರ್ತೀನಿ. ಆ ಪ್ರಾಣಿಯ ತಪ್ಪಿಲ್ಲ ಅಂತಾದ್ರೆ ಬುಧವಾರ ಒಲೆ ಮುಂದೆ ನಿಂತಿದ್ದವರು ಯಾರು ಅಂತ ಹುಡುಕ್ತಾರೆ."

"ನೀನೇ ನಿಂತಿದ್ದೆಯಲ್ಲ. ಹೇಳಿಕೆ ಕೊಟ್ಟಿದ್ದೀಯ," ಎಂದ ತಾಲಾಯ್ ಬಾಗಿಲಿನಿಂದ.

"ಸುಳ್ಳು ಹೇಳಿದೆ ತಮ್ಮ. ಬೀಗರು ಮನೇಲೇ ಉಳಿದಿದ್ರು. ಅವರನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ? ಅವತ್ತು ನಾನು ಹಾಸ್ಟೆಲಿಗೆ ಕಾಲೇ ಇಡಲಿಲ್ಲ."

"ಮತ್ತೆ ಅಡುಗೆ ಮಾಡಿದ್ಯಾರು?"

"ನನ್ನ ಬದಲಿಗೆ ಮನೆಯಿಂದಲೇ..." ಎಂದ ಬಾಟ್ಮಾ ಅಲ್ಲಿಗೇ ಬಾಯಿಗೆ ಕೈ ಅಡ್ಡ ಹಿಡಿದಳು. ಸಾಲ್ಕಿನಾಯ್ ಬಗ್ಗಿ ಅವಳ ಮುಂಗೈ ಹಿಡಿದಳು. ಜೋಡಿಸಿಟ್ಟುಕೊಂಡಿದ್ದ ಉತ್ತರ ತಲೆಯಲ್ಲಿ ಒಂದೂ ಉಳಿದಿರಲಿಲ್ಲ.

ಅಷ್ಟರಲ್ಲಿ ಕಾರಿಡಾರಿನಲ್ಲಿ ಹೆಜ್ಜೆ ಕೇಳಿಸಿತು. ಕಾವಲಿನ ಪೇದೆ ನಗುಮುಖದಿಂದ ಒಳಗೆ ಇಣುಕಿದ. ಅವನ ಎರಡೂ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ, ಅಂಚಿನಿಂದ ಬಿಸಿ ಸಾರಿನ ಹಬೆ.

"ಬಾಟ್ಮಾ, ನಿನ್ನ ಮಗಳು ಚಿನಾರಾ ಊಟ ತಂದುಕೊಟ್ಟಳು. ಸಾಹೇಬರಿಗೆ, ಅಕ್ಕನಿಗೆ ಅಂತಲೂ ಸೇರಿಸಿ ಮಾಡಿದ್ದಾಳಂತೆ. ನಾನೂ ಒಂದು ಗುಟುಕು ರುಚಿ ನೋಡಿದೆ. ಬಹಳ ಚೆನ್ನಾಗಿದೆ."

ಬಾಟ್ಮಾ ಸಾಲ್ಕಿನಾಯಳ ಕೈ ಕೊಸರಿಕೊಂಡು ಎದ್ದಳು, ಪೇದೆಯ ಕೈಯಲ್ಲಿದ್ದ ಪಾತ್ರೆಯನ್ನು ಬೀಸಿ ಹೊಡೆದು ಗೋಡೆಗೆ ಅಪ್ಪಳಿಸಿದಳು.

"ಎಷ್ಟು ಕುಡಿದೆ?" ಎಂದು ಅವನ ಕೊರಳಪಟ್ಟಿ ಹಿಡಿದು ಕೂಗಿದಳು. "ಹೇಳೋ ಮಗಾ, ಎಷ್ಟು ಕುಡಿದೆ?"